ಈ ಪ್ರನಾಳದಲ್ಲಿ ಏನಿದೆ?

ಹನ್ನೆರಡನೆಯ ತರಗತಿಯ ವಿಜ್ಞಾನ ವಿಭಾಗದಲ್ಲಿ ಓದುವ ಮಕ್ಕಳ ಬೆರಳ ತುದಿ ಕೆಲವು ದಿನ ಕಂದು ಇಲ್ಲವೇ ಕಪ್ಪು ಬಣ್ಣಕ್ಕೆ ತಿರುಗಿರುವುದನ್ನು ಪೋಷಕರು ಗಮನಿಸಿರಬಹುದು. ಅದು ಮದರಂಗಿಯೂ ಅಲ್ಲ, ಪೆನ್ನಿನ ಶಾಯಿಯೂ ಅಲ್ಲ. ರಸಾಯನಶಾಸ್ತ್ರ ಪ್ರಯೋಗಾಲಯದ ಪೊಟ್ಯಾಸಿಯಂ ಪರ್ಮಾಂಗನೇಟ್ ಮತ್ತು ಸಿಲ್ವರ್ ನೈಟ್ರೇಟ್ ದ್ರಾವಣಗಳ ಕಲೆ. ಸೋಪು ಹಚ್ಚಿ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಚರ್ಮದ ಮೇಲ್ಪದರ ತಾನಾಗಿ ಉದುರುವ ತನಕ ಕಾಯಬೇಕು. ಆ ಬಾಟಲಿಗಳನ್ನು ಇಟ್ಟುಕೊಂಡು ನಾವು ಅಲ್ಲಿ ಏನನ್ನು ಹುಡುಕುತ್ತೇವೆ ಎಂಬುದನ್ನು ಈ ಲೇಖನದಲ್ಲಿ ತಿಳಿಸಲು ಪ್ರಯತ್ನಿಸುತ್ತೇವೆ.

ಸಿ.ಬಿ.ಎಸ್.ಇ. ಪಠ್ಯಕ್ರಮದಲ್ಲಿ ಒಂದು ಪ್ರಯೋಗವಿದೆ. ಅಧ್ಯಾಪಕರು ಪ್ರತಿಯೊಬ್ಬರಿಗೂ ಒಂದು ಪ್ರನಾಳ, ಅಂದರೆ ಟೆಸ್ಟ್ ಟ್ಯೂಬ್ ಕೊಡುತ್ತಾರೆ. ಅದರ ಮೇಲೆ ಹೆಸರಿಲ್ಲ, ಬರೀ ಸಂಖ್ಯೆ. ಒಳಗೆ ನೀರಿನಂತೆ ಕಾಣುವ ದ್ರವವೋ ಸಕ್ಕರೆಯಂತೆ ಕಾಣುವ ಪುಡಿಯೋ ಇರುತ್ತದೆ. ಅದು ಸಾವಯವ ಸಂಯುಕ್ತ ಎಂಬುದಷ್ಟೇ ನಮಗೆ ಗೊತ್ತು. ಅದರಲ್ಲಿರುವ 'ಕ್ರಿಯಾ ಗುಂಪು' ಯಾವುದೆಂದು ನಾವು ಪರೀಕ್ಷೆಗಳಿಂದ ಕಂಡುಹಿಡಿಯಬೇಕು. (ನಾವು ಓದುವುದು ಇಂಗ್ಲಿಷಿನಲ್ಲಾದರೂ ಇಲ್ಲಿ ಕರ್ನಾಟಕದ ಪಠ್ಯಪುಸ್ತಕಗಳ ಪದಗಳನ್ನೇ ಬಳಸಿದ್ದೇವೆ. ಊರಿನ ಅಕ್ಕ, ಅಣ್ಣಂದಿರ ಜೊತೆ ಮಾತಾಡುವಾಗ ಉಪಯೋಗಕ್ಕೆ ಬಂದೀತು.)

ಇಂಗಾಲದ ಪರಮಾಣುಗಳು ಸರಪಳಿಯಾಗಿಯೋ ಉಂಗುರವಾಗಿಯೋ ಜೋಡಣೆಯಾಗಿ ಸಾವಯವ ಸಂಯುಕ್ತಗಳಾಗುತ್ತವೆ. ಆ ಸರಪಳಿಗೆ ಅಂಟಿಕೊಂಡಿರುವ ಚಿಕ್ಕ ಭಾಗವೇ ಕ್ರಿಯಾ ಗುಂಪು. ಸರಪಳಿ ಉದ್ದವಾಗಲಿ ಗಿಡ್ಡವಾಗಲಿ, ವಸ್ತುವಿನ ನಡವಳಿಕೆಯನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಈ ಗುಂಪು. ನಮ್ಮ ಕರಾವಳಿಯ ಕಡೆ ಹೊಸಬರು ಎದುರಾದರೆ ಹಿರಿಯರು ಮೊದಲು "ಯಾವ ಮನೆಯವರು?" ಎಂದು ಕೇಳುತ್ತಾರೆ. ಮನೆ ಗೊತ್ತಾದರೆ ಅರ್ಧ ಪರಿಚಯ ಆದಂತೆ. ಆದರೆ ಬಂದವರು ಆ ಮನೆಯ ಅಣ್ಣನೋ ತಮ್ಮನೋ ಎಂಬುದು ಆಗಲೂ ಗೊತ್ತಾಗಿರುವುದಿಲ್ಲ. ನಮ್ಮ ಪರೀಕ್ಷೆಗಳೂ ಹಾಗೆಯೇ. ಅವು ಮನೆಯನ್ನು ಹೇಳುತ್ತವೆ, ಹೆಸರನ್ನು ಹೇಳುವುದಿಲ್ಲ. ಈ ವ್ಯತ್ಯಾಸ ಜೀವ ಉಳಿಸುವ, ತೆಗೆಯುವ ಮಾತೂ ಆಗಬಲ್ಲದು. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಮೊದಲ ಕೆಲಸ ನೋಡುವುದು, ಮೂಸುವುದು. ರುಚಿ ನೋಡುವಂತಿಲ್ಲ. ಮೂಸುವುದಕ್ಕೂ ಕ್ರಮವಿದೆ. ಪ್ರನಾಳದ ಬಾಯಿಗೆ ಮೂಗು ಇಡಬಾರದು. ಸ್ವಲ್ಪ ದೂರ ಹಿಡಿದು ಕೈಯಿಂದ ಗಾಳಿಯನ್ನು ಮೂಗಿನ ಕಡೆ ಬೀಸಿಕೊಳ್ಳಬೇಕು. ಉಗುರಿನ ಬಣ್ಣ ತೆಗೆಯುವ ದ್ರವದ ವಾಸನೆ ಬಂದರೆ ಅಸಿಟೋನ್ ಇರಬಹುದು. ಕಹಿ ಬಾದಾಮಿಯ ವಾಸನೆ ಬೆಂಜಾಲ್ಡಿಹೈಡಿನದು. ವಿನಿಗರ್ ವಾಸನೆ ಅಸಿಟಿಕ್ ಆಮ್ಲದ್ದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ತೊಟ್ಟನ್ನು ಸುಟ್ಟು ನೋಡಿದಾಗ ಕಪ್ಪು ಹೊಗೆ, ಮಸಿ ಬಂದರೆ ಬೆಂಜೀನ್ ಉಂಗುರವಿರುವ ವಸ್ತು ಎಂದು ಸಂಶಯಪಡಬಹುದು.

ಕುವೈತಿನಲ್ಲಿ ಓದುವವರಿಗೆ ಇಲ್ಲಿ ಒಂದು ವಿಶೇಷ ಪಾಠವೂ ಸಿಗುತ್ತದೆ. ವಸ್ತು ಘನವೋ ದ್ರವವೋ ಎಂದು ಬರೆಯುವಾಗ ಯಾವ ತಿಂಗಳು ಎಂಬುದನ್ನೂ ನೋಡಬೇಕು! ಶುದ್ಧ ಅಸಿಟಿಕ್ ಆಮ್ಲ 16.6 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಜನವರಿಯ ಚಳಿಯಲ್ಲಿ ಬಿಸಿ ಇಲ್ಲದ ಕೋಣೆಯಲ್ಲಿ ಅದು ಮಂಜುಗಡ್ಡೆಯಂತೆ ಗಟ್ಟಿಯಾಗಿ ಕೂತಿರಬಹುದು. ಫೀನಾಲ್ ಹರಳುಗಳು ಸುಮಾರು 41 ಡಿಗ್ರಿಯಲ್ಲಿ ಕರಗುತ್ತವೆ. ಜುಲೈ ತಿಂಗಳಲ್ಲಿ ಹೊರಗಿಟ್ಟರೆ ನೀರಾದಾವು. ಅಸಿಟಾಲ್ಡಿಹೈಡ್ ಅಂತೂ 20 ಡಿಗ್ರಿಯಲ್ಲೇ ಕುದಿಯುವ ದ್ರವ. 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾದ ದೇಶ ಇದು. ಅಸಿಟೋನ್ ಕುದಿಯುವುದು 56ಕ್ಕೆ. ಆ ದಿನ ಇನ್ನೆರಡು ಡಿಗ್ರಿ ಏರಿದ್ದರೆ ಅಸಿಟೋನ್ ನೆರಳಿನಲ್ಲೇ ಕುದಿಯುತ್ತಿತ್ತು.

ಇನ್ನು ಪರೀಕ್ಷೆಗಳು. ಇಂಗಾಲದ ಸರಪಳಿಯಲ್ಲಿ ದ್ವಿಬಂಧ ಅಥವಾ ತ್ರಿಬಂಧ ಇದ್ದರೆ ಅದು 'ಅಪರ್ಯಾಪ್ತ' ವಸ್ತು. ಇದನ್ನು ಹುಡುಕಲು ಕೆಂಪು ಕಂದು ಬಣ್ಣದ ಬ್ರೋಮಿನ್ ನೀರು ಅಥವಾ ನೇರಳೆ ಬಣ್ಣದ ಪರ್ಮಾಂಗನೇಟ್ ದ್ರಾವಣವನ್ನು ತೊಟ್ಟು ತೊಟ್ಟಾಗಿ ಹಾಕುತ್ತೇವೆ. ಬಣ್ಣ ಮಾಯವಾದರೆ ದ್ವಿಬಂಧ ಇರಬಹುದು. ಎರಡನೆಯದಕ್ಕೆ ಬೇಯರ್ ಪರೀಕ್ಷೆ ಎಂದು ಹೆಸರು. 1905ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ ಅವರ ನೆನಪು. ಅಡುಗೆಮನೆಯ ಸೂರ್ಯಕಾಂತಿ ಎಣ್ಣೆಯೂ ಬ್ರೋಮಿನ್ ಬಣ್ಣವನ್ನು ಕುಡಿಯುತ್ತದೆ. ಆದರೆ ಆಲ್ಡಿಹೈಡ್, ಫೀನಾಲ್ ಕೂಡ ಪರ್ಮಾಂಗನೇಟಿನ ಬಣ್ಣ ತೆಗೆಯುತ್ತವೆ. ಆದ್ದರಿಂದ ಇಷ್ಟಕ್ಕೇ 'ಅಪರ್ಯಾಪ್ತ' ಎಂದು ಬರೆದು ಮುಗಿಸುವಂತಿಲ್ಲ. ನಮ್ಮ ರೆಕಾರ್ಡ್ ಪುಸ್ತಕದ ಮೂರನೆಯ ಕಾಲಂನಲ್ಲಿ ಮೊದಲು 'ಇರಬಹುದು' ಎಂದೇ ಬರೆಯಬೇಕು. 'ಇದೆ' ಎನ್ನುವ ಪದ ಖಚಿತ ಪರೀಕ್ಷೆ ಮುಗಿದ ಮೇಲೆ.

'ಇಲ್ಲ' ಎಂಬ ಉತ್ತರವೂ ಉತ್ತರವೇ. ಈ ನಾಡಿನ ನೆಲದಡಿಯಲ್ಲಿ, 1938ರಲ್ಲಿ ಪತ್ತೆಯಾದ ಬುರ್ಗಾನ್ ಕ್ಷೇತ್ರದಲ್ಲಿ ಇರುವ ಕಚ್ಚಾ ತೈಲದ ಹೆಚ್ಚಿನ ಭಾಗ ಇಂಗಾಲ ಮತ್ತು ಜಲಜನಕ ಮಾತ್ರ ಇರುವ ಸಂಯುಕ್ತಗಳು. ಅವುಗಳಲ್ಲಿ ಆಲ್ಕೇನ್‌ಗಳೆಂಬುವು ನಮ್ಮ ಎಲ್ಲ ಪರೀಕ್ಷೆಗಳಿಗೂ ಒಂದೊಂದಾಗಿ 'ಇಲ್ಲ' ಎನ್ನುತ್ತವೆ. ಆ ನಿರ್ಲಿಪ್ತತೆಯೇ ಅವುಗಳ ಗುರುತು. ನೀರು ತಾಗಿದರೆ ಹೊತ್ತಿ ಉರಿಯುವ ಸೋಡಿಯಂ ಲೋಹವನ್ನು ಪ್ರಯೋಗಾಲಯದಲ್ಲಿ ಸೀಮೆಎಣ್ಣೆಯೊಳಗೆ ಮುಳುಗಿಸಿ ಇಡುವುದು ಇದೇ ಧೈರ್ಯದ ಮೇಲೆ.

ಆಮ್ಲದ ಗುಂಪನ್ನು ಹಿಡಿಯುವುದು ಸುಲಭ. ನೀಲಿ ಲಿಟ್ಮಸ್ ಕೆಂಪಾಗುತ್ತದೆ. ಸೋಡಿಯಂ ಬೈಕಾರ್ಬನೇಟ್, ಅಂದರೆ ಅಡುಗೆ ಸೋಡಾದ ದ್ರಾವಣಕ್ಕೆ ಹಾಕಿದರೆ ಬುಸ್ಸೆಂದು ಗುಳ್ಳೆ ಏಳುತ್ತದೆ. ಫೀನಾಲ್ ಕೂಡ ಲಿಟ್ಮಸ್ಸನ್ನು ಕೆಂಪು ಮಾಡುತ್ತದೆ, ಆದರೆ ಸೋಡಾದಲ್ಲಿ ಗುಳ್ಳೆ ಎಬ್ಬಿಸುವಷ್ಟು ಬಲ ಅದಕ್ಕಿಲ್ಲ. ಫೀನಾಲಿಗೆ ಬೇರೆ ಗುರುತಿದೆ: ತಟಸ್ಥ ಫೆರಿಕ್ ಕ್ಲೋರೈಡ್ ಒಂದು ತೊಟ್ಟು ಹಾಕಿದರೆ ನೇರಳೆ ಬಣ್ಣ. ಗುಳ್ಳೆಯೂ ಬಂತು, ನೇರಳೆಯೂ ಬಂತು ಎಂದರೆ? ಆಗ ಗಾಬರಿ ಬೇಡ, ಒಂದೇ ಅಣುವಿನಲ್ಲಿ ಎರಡು ಗುಂಪುಗಳಿರಬಹುದು. ಸ್ಯಾಲಿಸಿಲಿಕ್ ಆಮ್ಲ ಅಂಥದ್ದು.

ಇದರಲ್ಲಿ ಮನೆಯವರಿಗೆ ಉಪಯೋಗವಾಗುವ ವಿಷಯವೊಂದಿದೆ. ಆಸ್ಪಿರಿನ್ ಮಾತ್ರೆ ತಯಾರಾಗುವುದು ಸ್ಯಾಲಿಸಿಲಿಕ್ ಆಮ್ಲದಿಂದ. ಅದರ ಫೀನಾಲ್ ಭಾಗವನ್ನು ಮುಚ್ಚಿಬಿಟ್ಟಿರುವುದರಿಂದ ಹೊಸ ಆಸ್ಪಿರಿನ್ ಫೆರಿಕ್ ಕ್ಲೋರೈಡಿನಲ್ಲಿ ನೇರಳೆಯಾಗುವುದಿಲ್ಲ. ಶಾಖ ಮತ್ತು ತೇವಾಂಶದಲ್ಲಿ ಬಹಳ ಕಾಲ ಇಟ್ಟರೆ ಮಾತ್ರೆ ನಿಧಾನವಾಗಿ ಒಡೆದು ಮತ್ತೆ ಸ್ಯಾಲಿಸಿಲಿಕ್ ಆಮ್ಲ ಮತ್ತು ಅಸಿಟಿಕ್ ಆಮ್ಲವಾಗುತ್ತದೆ. ಅಂಥ ಮಾತ್ರೆಯ ಪುಡಿ ನೇರಳೆ ತೋರಿಸುತ್ತದೆ. ಡಬ್ಬಿ ತೆರೆದರೆ ವಿನಿಗರ್ ವಾಸನೆ ಬರುತ್ತದೆ. ಬೇಸಿಗೆಯಲ್ಲಿ ಕಾರಿನೊಳಗೆ ಔಷಧಿ ಬಿಟ್ಟುಬರುವವರು, ಸ್ನಾನದ ಕೋಣೆಯ ಕಪಾಟಿನಲ್ಲಿ ಇಡುವವರು ಇದನ್ನು ನೆನಪಿಡಬಹುದು.

ಆಲ್ಡಿಹೈಡ್ ಮತ್ತು ಕೀಟೋನ್‌ಗಳು ದಾಯಾದಿಗಳು. 2,4-ಡಿ.ಎನ್.ಪಿ. ಎಂಬ ಕಿತ್ತಳೆ ಬಣ್ಣದ ದ್ರಾವಣ ಹಾಕಿದರೆ ಎರಡೂ ಹಳದಿಯಿಂದ ಕೆಂಪು ಕಿತ್ತಳೆಯವರೆಗಿನ ಪುಡಿಯನ್ನು ತಳಕ್ಕೆ ಇಳಿಸುತ್ತವೆ. ಅವೆರಡನ್ನು ಬೇರೆ ಮಾಡುವುದು ಟಾಲೆನ್ಸ್ ಪರೀಕ್ಷೆ. ಸಿಲ್ವರ್ ನೈಟ್ರೇಟಿಗೆ ಅಮೋನಿಯಾ ಸೇರಿಸಿದ ದ್ರಾವಣದಲ್ಲಿ ಆಲ್ಡಿಹೈಡನ್ನು ಹಾಕಿ ಬಿಸಿನೀರಿನಲ್ಲಿ ಇಟ್ಟರೆ, ಪ್ರನಾಳದ ಒಳಗೋಡೆಗೆ ಬೆಳ್ಳಿ ಅಂಟಿ ಥಳಥಳ ಕನ್ನಡಿಯಾಗುತ್ತದೆ. ಇಡೀ ವರ್ಷದ ಪ್ರಯೋಗಗಳಲ್ಲಿ ಇಷ್ಟು ಚೆಂದದ್ದು ಇನ್ನೊಂದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಕೀಟೋನ್ ಸುಮ್ಮನಿರುತ್ತದೆ. ನಮ್ಮ ಬೆರಳಿನ ಕಪ್ಪು ಕಲೆಯೂ ಇದೇ ಬೆಳ್ಳಿ. ಚರ್ಮದ ಮೇಲೆ ಸಣ್ಣ ಕಣಗಳಾಗಿ ಕೂತಾಗ ಅದು ಹೊಳೆಯುವುದಿಲ್ಲ, ಕಪ್ಪಾಗಿ ಕಾಣುತ್ತದೆ.

ಎರಡು ಎಚ್ಚರಿಕೆಗಳಿವೆ. ಈ ದ್ರಾವಣವನ್ನು ಆಗಿಂದಾಗ ತಯಾರಿಸಿ, ಕೆಲಸವಾದ ಕೂಡಲೇ ಅಧ್ಯಾಪಕರು ಹೇಳಿದಂತೆ ಚೆಲ್ಲಬೇಕು. ಇಟ್ಟು ಒಣಗಿದರೆ ಅದರಲ್ಲಿ ಸ್ಫೋಟಕ ವಸ್ತು ಉಂಟಾಗಬಲ್ಲದು. ಎರಡನೆಯದು, ಇದಕ್ಕೆ ನಲ್ಲಿಯ ನೀರು ಆಗುವುದಿಲ್ಲ. ಕುವೈತಿನ ನಲ್ಲಿಯಲ್ಲಿ ಬರುವುದು ಸಮುದ್ರದ ನೀರಿನಿಂದ ಉಪ್ಪು ತೆಗೆದು, ಅನಂತರ ಸ್ವಲ್ಪ ಅಂತರ್ಜಲ ಬೆರೆಸಿದ ನೀರು. ಅದರಲ್ಲಿ ಉಳಿದಿರುವ ಕ್ಲೋರೈಡಿಗೇ ಸಿಲ್ವರ್ ನೈಟ್ರೇಟ್ ಬೆಳ್ಳಗೆ ಕದಡಿಹೋಗುತ್ತದೆ. ಪ್ರನಾಳವನ್ನು ತೊಳೆಯಲಿಕ್ಕೂ ಬಟ್ಟಿ ಇಳಿಸಿದ ನೀರೇ ಬೇಕು.

ಫೆಲಿಂಗ್ ಪರೀಕ್ಷೆಯೂ ಆಲ್ಡಿಹೈಡಿಗೇ. ಜರ್ಮನಿಯ ಹರ್ಮನ್ ಫಾನ್ ಫೆಲಿಂಗ್ 1849ರಲ್ಲಿ ಪ್ರಕಟಿಸಿದ ವಿಧಾನ. ಗಾಢ ನೀಲಿ ದ್ರಾವಣ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಇದನ್ನು ಪರೀಕ್ಷಿಸಲು ಜಮಿಯಾದಲ್ಲಿ ಸಿಗುವ ಖರ್ಜೂರದ ಪಾಕ 'ದಿಬ್ಸ್' ತುಂಬ ಒಳ್ಳೆಯದು. ಖರ್ಜೂರದ ಸಿಹಿಯಲ್ಲಿ ಗ್ಲೂಕೋಸ್ ಮತ್ತು ಫ್ರುಕ್ಟೋಸ್ ಇರುವುದರಿಂದ ಬಿಸಿ ಮಾಡಿದ ಕೂಡಲೇ ಕೆಂಪು ಬರುತ್ತದೆ. ಅದೇ ಚಹಾಕ್ಕೆ ಹಾಕುವ ಸಕ್ಕರೆಯ ನೀರು ನೀಲಿಯಾಗಿಯೇ ಉಳಿಯುತ್ತದೆ! ಸಕ್ಕರೆಯಲ್ಲಿ ಗ್ಲೂಕೋಸ್, ಫ್ರುಕ್ಟೋಸ್ ಎರಡೂ ಇವೆ, ಆದರೆ ಒಂದರ ಕೈ ಇನ್ನೊಂದು ಹಿಡಿದಿರುವುದರಿಂದ ಪರೀಕ್ಷೆಗೆ ಸಿಗುವುದಿಲ್ಲ. ದುರ್ಬಲ ಆಮ್ಲ ಹಾಕಿ ಕುದಿಸಿ, ಆಮ್ಲವನ್ನು ತಟಸ್ಥಗೊಳಿಸಿ ಮತ್ತೆ ಪರೀಕ್ಷಿಸಿದರೆ ಕೆಂಪಾಗುತ್ತದೆ. ಹಿಂದೆ ಆಸ್ಪತ್ರೆಗಳಲ್ಲಿ ಸಕ್ಕರೆ ಕಾಯಿಲೆಯವರ ಮೂತ್ರವನ್ನು ನೀಲಿ ದ್ರಾವಣದಲ್ಲಿ ಕುದಿಸಿ ನೋಡುತ್ತಿದ್ದುದು ನಮ್ಮ ಅಜ್ಜ, ಅಜ್ಜಿಯರಿಗೆ ನೆನಪಿರಬಹುದು. ಅದು ಇದರ ಸುಧಾರಿತ ರೂಪವಾದ ಬೆನೆಡಿಕ್ಟ್ ಪರೀಕ್ಷೆ.

ಇಲ್ಲಿಯೂ ಮಿತಿ ಇದೆ. ಜೇನುತುಪ್ಪ ಶುದ್ಧವೇ ಎಂದು ಫೆಲಿಂಗ್ ಹೇಳಲಾರದು. ಶುದ್ಧ ಜೇನಿನಲ್ಲೂ ಗ್ಲೂಕೋಸ್ ಇದೆ, ಕಲಬೆರಕೆಗೆ ಬಳಸುವ ಗ್ಲೂಕೋಸ್ ಪಾಕದಲ್ಲೂ ಇದೆ. ಎರಡೂ ಕೆಂಪೇ.

ಅಮೈನ್ ಗುಂಪಿನ ಪರೀಕ್ಷೆಯನ್ನು ಚುಟುಕಾಗಿ ಹೇಳುತ್ತೇವೆ. ಅನಿಲೀನಿಗೆ ಆಮ್ಲ ಮತ್ತು ಸೋಡಿಯಂ ನೈಟ್ರೈಟ್ ಸೇರಿಸಿ, ಬೀಟಾ ನ್ಯಾಫ್ತಾಲಿನ ಕ್ಷಾರೀಯ ದ್ರಾವಣಕ್ಕೆ ಸುರಿದರೆ ಕಡು ಕಿತ್ತಳೆ ಕೆಂಪು ಬಣ್ಣ ಹುಟ್ಟುತ್ತದೆ. ಬಟ್ಟೆಗೆ ಹಾಕುವ ಅನೇಕ ಬಣ್ಣಗಳು ಇದೇ ಕುಲದವು. ಷರತ್ತು ಒಂದೇ, ಎಲ್ಲವೂ 5 ಡಿಗ್ರಿಗಿಂತ ಕೆಳಗೆ ನಡೆಯಬೇಕು. ಬೇಸಿಗೆಯಲ್ಲಿ 'ತಣ್ಣೀರು' ನಲ್ಲಿ ತಿರುಗಿಸಿದರೆ ಕೈ ಸುಡುವ ಊರಿನಲ್ಲಿ ಐಸ್ ಗಡ್ಡೆ ಇಲ್ಲದೆ ಈ ಪ್ರಯೋಗಕ್ಕೆ ಕೈ ಹಾಕುವಂತಿಲ್ಲ.

ಮನೆ ಗೊತ್ತಾಯಿತು, ಹೆಸರು ಹೇಗೆ ಗೊತ್ತಾಗುತ್ತದೆ? ಹಿಂದಿನ ರಸಾಯನಶಾಸ್ತ್ರಜ್ಞರು ಅದಕ್ಕೆ ಒಂದು ಉಪಾಯ ಮಾಡಿದ್ದರು. ವಸ್ತುವಿನಿಂದ ಹರಳಾಗುವ ಬೇರೊಂದು ವಸ್ತುವನ್ನು ತಯಾರಿಸಿ, ಅದು ಎಷ್ಟು ಡಿಗ್ರಿಯಲ್ಲಿ ಕರಗುತ್ತದೆ ಎಂದು ಅಳೆದು, ಪಟ್ಟಿಯ ಜೊತೆ ಹೋಲಿಸುವುದು. ಅಸಿಟೋನಿನಿಂದ ಬರುವ ಡಿ.ಎನ್.ಪಿ. ಹರಳು ಸುಮಾರು 126 ಡಿಗ್ರಿಯಲ್ಲಿ ಕರಗಿದರೆ, ಬೆಂಜಾಲ್ಡಿಹೈಡಿನಿಂದ ಬರುವುದು ಸುಮಾರು 237ರಲ್ಲಿ. ಯಂತ್ರಗಳು ಬರುವ ಮೊದಲು ಸಾವಿರಾರು ವಸ್ತುಗಳ ಗುರುತು ಹಿಡಿದದ್ದು ಹೀಗೆಯೇ. ನಮ್ಮ ಪಠ್ಯಕ್ರಮ ಇಷ್ಟು ದೂರ ಹೋಗುವುದಿಲ್ಲ. ಕ್ರಿಯಾ ಗುಂಪಿಗೇ ನಿಲ್ಲುತ್ತದೆ.

ಕಡೆಯದಾಗಿ ಆಲ್ಕೋಹಾಲ್. ಇದಕ್ಕೆ ಹೆಚ್ಚು ಜಾಗ ತೆಗೆದುಕೊಳ್ಳುತ್ತೇವೆ. ರಸಾಯನಶಾಸ್ತ್ರದಲ್ಲಿ ಆಲ್ಕೋಹಾಲ್ ಎಂದರೆ ಮದ್ಯವಲ್ಲ, ಅದೊಂದು ದೊಡ್ಡ ಕುಟುಂಬ. ಮುಲಾಮಿನ ಗ್ಲಿಸರಿನ್, ಸ್ಯಾನಿಟೈಸರಿನ ಐಸೊಪ್ರೊಪೈಲ್ ಆಲ್ಕೋಹಾಲ್ ಎಲ್ಲವೂ ಅದಕ್ಕೆ ಸೇರಿದವು. ಹಳದಿ ಬಣ್ಣದ ಸೀರಿಕ್ ಅಮೋನಿಯಂ ನೈಟ್ರೇಟ್ ಹಾಕಿದರೆ ಈ ಕುಟುಂಬದವರು ಕೆಂಪಾಗುತ್ತಾರೆ. ಲ್ಯೂಕಾಸ್ ಪರೀಕ್ಷೆಯಲ್ಲಿ ತೃತೀಯಕ ಆಲ್ಕೋಹಾಲ್ ಕೂಡಲೇ ಕದಡುತ್ತದೆ, ದ್ವಿತೀಯಕ ಐದು ನಿಮಿಷದ ಸುಮಾರಿಗೆ, ಪ್ರಾಥಮಿಕವಾದದ್ದು ಕೋಣೆಯ ಉಷ್ಣತೆಯಲ್ಲಿ ಕದಡುವುದಿಲ್ಲ.

ಈಗ ಎರಡು ಪ್ರನಾಳಗಳನ್ನು ಊಹಿಸಿಕೊಳ್ಳಿ. ಒಂದರಲ್ಲಿ ಎಥನಾಲ್, ಇನ್ನೊಂದರಲ್ಲಿ ಮೆಥನಾಲ್. ಎರಡೂ ನೀರಿನಂತೆ ತಿಳಿ. ಎರಡೂ ನೀರಿನಲ್ಲಿ ಪೂರ್ತಿ ಬೆರೆಯುತ್ತವೆ. ವಾಸನೆ ಹತ್ತಿರ ಹತ್ತಿರ ಒಂದೇ. ಸೀರಿಕ್ ಪರೀಕ್ಷೆಯಲ್ಲಿ ಎರಡೂ ಕೆಂಪು, ಲ್ಯೂಕಾಸ್‌ನಲ್ಲಿ ಎರಡೂ ಮೌನ. ವ್ಯತ್ಯಾಸ ಒಂದೇ ಒಂದು ಇಂಗಾಲದ ಪರಮಾಣು. ಎಥನಾಲಿನಲ್ಲಿ ಎರಡಿವೆ, ಮೆಥನಾಲಿನಲ್ಲಿ ಒಂದೇ.

ಆ ಒಂದು ಪರಮಾಣುವಿನ ಬೆಲೆ ಏನೆಂದು 2025ರ ಆಗಸ್ಟ್‌ನಲ್ಲಿ ಕುವೈತಿನಲ್ಲಿದ್ದ ಎಲ್ಲರೂ ಕೇಳಿದ್ದೇವೆ. ಮದ್ಯ ನಿಷಿದ್ಧವಾದ ಈ ದೇಶದಲ್ಲಿ ಕಳ್ಳತನದಿಂದ ತಯಾರಿಸಿದ, ಮೆಥನಾಲ್ ಸೇರಿದ ಪಾನೀಯ ಕುಡಿದು 160 ಜನ ಆಸ್ಪತ್ರೆ ಸೇರಿ, 23 ಜನ ತೀರಿಕೊಂಡರೆಂದು ಆರೋಗ್ಯ ಸಚಿವಾಲಯ ಪ್ರಕಟಿಸಿತು. ಅವರೆಲ್ಲ ದುಡಿಯಲು ಬಂದ ಏಷ್ಯಾದ ನಾನಾ ದೇಶಗಳವರು. ಆಸ್ಪತ್ರೆಯಲ್ಲಿದ್ದವರಲ್ಲಿ ಭಾರತೀಯರೂ ಇದ್ದರು. ಕೆಲವರ ಕಣ್ಣಿನ ದೃಷ್ಟಿ ಹೋಯಿತು. ಇದು ಇಲ್ಲಿಯದಷ್ಟೇ ಕಥೆಯಲ್ಲ. ಬೆಂಗಳೂರಿನಲ್ಲಿ 1981ರ ಜುಲೈನಲ್ಲಿ ಕಳ್ಳಭಟ್ಟಿಯಿಂದ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. 2008ರ ಮೇ ತಿಂಗಳಲ್ಲಿ ಕರ್ನಾಟಕ ಮತ್ತು ತಮಿಳುನಾಡಿನ ಗಡಿ ಭಾಗದಲ್ಲಿ ಮತ್ತೆ ನೂರಕ್ಕೂ ಹೆಚ್ಚು. 2020ರಲ್ಲಿ ಕೈಗೆ ಹಚ್ಚುವ ಕೆಲವು ಸ್ಯಾನಿಟೈಸರ್‌ಗಳಲ್ಲೇ ಮೆಥನಾಲ್ ಇದೆ ಎಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಎಚ್ಚರಿಸಬೇಕಾಯಿತು.

ಮೆಥನಾಲ್ ಯಾಕೆ ವಿಷ? ನಾವು ಟಾಲೆನ್ಸ್ ಪರೀಕ್ಷೆಯಲ್ಲಿ ಬೆಳ್ಳಿಯಿಂದ ಮಾಡಿಸುವ ಕೆಲಸವನ್ನೇ ಯಕೃತ್ತಿನ ಕಿಣ್ವಗಳು ದೇಹದೊಳಗೆ ಮಾಡುತ್ತವೆ. ಆಲ್ಕೋಹಾಲ್ ಮೊದಲು ಆಲ್ಡಿಹೈಡ್ ಆಗುತ್ತದೆ, ಆಲ್ಡಿಹೈಡ್ ಆಮ್ಲವಾಗುತ್ತದೆ. ಎಥನಾಲ್ ಹೀಗೆ ಅಸಿಟಿಕ್ ಆಮ್ಲವಾದರೆ, ಮೆಥನಾಲ್ ಫಾರ್ಮಾಲ್ಡಿಹೈಡ್ ಆಗಿ, ಅಲ್ಲಿಂದ ಫಾರ್ಮಿಕ್ ಆಮ್ಲವಾಗುತ್ತದೆ. ಕೆಲವು ಇರುವೆಗಳು ಕಡಿದಾಗ ಉರಿ ಬರಿಸುವ ಆಮ್ಲ ಇದೇ. ರಕ್ತದಲ್ಲಿ ಅದು ಹೆಚ್ಚಿದರೆ ಮೊದಲು ಕಣ್ಣಿನ ನರ ಕೆಡುತ್ತದೆ, ಆಮೇಲೆ ಪ್ರಾಣಕ್ಕೆ ಸಂಚಕಾರ. ಈ ಬದಲಾವಣೆಗೆ ಸಮಯ ಬೇಕಾದ್ದರಿಂದ ಲಕ್ಷಣಗಳು ಎಷ್ಟೋ ಗಂಟೆಗಳ ಮೇಲೆ, ಕೆಲವೊಮ್ಮೆ ಮರುದಿನ ಕಾಣಿಸುತ್ತವೆ. ತಲೆಸುತ್ತು, ವಾಂತಿ, ಕಣ್ಣು ಮಂಜಾಗುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕಿಣ್ವವನ್ನು ತಡೆಯುವ ಔಷಧವಿದೆ, ಡಯಾಲಿಸಿಸ್ ಇದೆ. ಬೇಗ ಹೋದವರು ಬದುಕುತ್ತಾರೆ.

ಹಾಗಾದರೆ ಶಾಲೆಯ ಪರೀಕ್ಷೆಗಳಿಂದ ಎರಡನ್ನೂ ಬೇರೆ ಮಾಡಲಾಗದೇ? ಒಂದು ದಾರಿಯಿದೆ. ಅಯೊಡಿನ್ ಮತ್ತು ಕ್ಷಾರ ಹಾಕಿ ಬೆಚ್ಚಗೆ ಮಾಡಿದರೆ ಎಥನಾಲಿನಿಂದ ಅಯೊಡೊಫಾರ್ಮ್ ಎಂಬ ಹಳದಿ ಪುಡಿ ಬರುತ್ತದೆ, ಹಳೆಯ ಆಸ್ಪತ್ರೆಯ ವಾಸನೆಯದು. ಮೆಥನಾಲಿನಿಂದ ಬರುವುದಿಲ್ಲ. ಪ್ರನಾಳಗಳಲ್ಲಿ ಶುದ್ಧ ವಸ್ತುಗಳಿದ್ದರೆ ಪ್ರಶ್ನೆ ಅಲ್ಲಿಗೆ ತೀರಿತು.

ಆದರೆ ಇಲ್ಲೇ ನಿಜವಾದ ಅಪಾಯವಿದೆ, ಇದನ್ನು ಗೆಳೆಯರು ಗಮನವಿಟ್ಟು ಓದಬೇಕು. ಕಳ್ಳಭಟ್ಟಿಯಲ್ಲಿ ಸಾಮಾನ್ಯವಾಗಿ ಎರಡೂ ಬೆರೆತಿರುತ್ತವೆ. ಅಂಥ ಮಿಶ್ರಣಕ್ಕೆ ಅಯೊಡೊಫಾರ್ಮ್ ಪರೀಕ್ಷೆ ಮಾಡಿದರೆ ಹಳದಿ ಪುಡಿ ಬಂದೇ ಬರುತ್ತದೆ. ಅದರ ಅರ್ಥ 'ಎಥನಾಲ್ ಇದೆ' ಎಂದಷ್ಟೇ. 'ಮೆಥನಾಲ್ ಇಲ್ಲ' ಎಂದಲ್ಲ. ಅಸಿಟೋನ್, ಐಸೊಪ್ರೊಪೈಲ್ ಆಲ್ಕೋಹಾಲ್ ಕೂಡ ಅದೇ ಹಳದಿ ಕೊಡುತ್ತವೆ. ಹಚ್ಚಿ ಉರಿಯ ಬಣ್ಣ ನೋಡಿದರೆ ಗೊತ್ತಾಗುತ್ತದೆ ಎಂದು ಹೇಳುವವರಿದ್ದಾರೆ. ಅದೂ ನಂಬುವ ಮಾತಲ್ಲ, ಎರಡರ ಉರಿಯೂ ನೀಲಿಯೇ, ಜೊತೆಗೆ ಬೆಂಕಿಯ ಅಪಾಯ ಬೇರೆ. ಮನೆಯಲ್ಲಿ ಮಾಡಿ 'ಇದು ಸುರಕ್ಷಿತ' ಎಂದು ಹೇಳಬಹುದಾದ ಯಾವ ಪರೀಕ್ಷೆಯನ್ನೂ ನಮ್ಮ ಪಠ್ಯಪುಸ್ತಕ ಕಲಿಸುವುದಿಲ್ಲ. ಸ್ವಲ್ಪ ಮುಂದುವರಿದ ಪ್ರಯೋಗಾಲಯಗಳಲ್ಲಿ ಮೆಥನಾಲನ್ನು ಮೊದಲು ಫಾರ್ಮಾಲ್ಡಿಹೈಡ್ ಮಾಡಿ, ಕ್ರೊಮೊಟ್ರೋಪಿಕ್ ಆಮ್ಲ ಹಾಕಿ ನೇರಳೆ ಬಣ್ಣ ಬರುತ್ತದೆಯೇ ಎಂದು ನೋಡುತ್ತಾರೆ. ಎಷ್ಟು ಪ್ರಮಾಣವಿದೆ ಎಂಬುದನ್ನು ನಿಖರವಾಗಿ ಹೇಳುವುದು ಗ್ಯಾಸ್ ಕ್ರೊಮಟೊಗ್ರಾಫ್ ಯಂತ್ರ. ಮಿಶ್ರಣವನ್ನು ಆವಿ ಮಾಡಿ ಉದ್ದವಾದ ಸಣ್ಣ ಕೊಳವೆಯೊಳಗೆ ಕಳಿಸಿದಾಗ ಮೆಥನಾಲ್ ಒಂದು ಹೊತ್ತಿಗೆ, ಎಥನಾಲ್ ಇನ್ನೊಂದು ಹೊತ್ತಿಗೆ ಹೊರಬರುತ್ತದೆ. ಮೊದಲು ಬೇರ್ಪಡಿಸಿ, ಆಮೇಲೆ ಗುರುತಿಸುತ್ತದೆ.

ಬೇರ್ಪಡಿಸುವ ಈ ವಿದ್ಯೆಯ ಸರಳ ರೂಪ ನಮ್ಮ ಪಠ್ಯಕ್ರಮದಲ್ಲೂ ಇದೆ. ಪಾಲಕ್ ಸೊಪ್ಪನ್ನು ಅಸಿಟೋನಿನಲ್ಲಿ ಅರೆದು, ಆ ಹಸಿರು ರಸದ ಒಂದು ಚುಕ್ಕೆಯನ್ನು ಸೋಸುಕಾಗದದ ಪಟ್ಟಿಯ ಬುಡದಲ್ಲಿ ಇಟ್ಟು, ಚುಕ್ಕೆ ಮುಳುಗದಂತೆ ಪಟ್ಟಿಯ ತುದಿಯನ್ನು ದ್ರಾವಕದಲ್ಲಿ ನಿಲ್ಲಿಸಿದರೆ ದ್ರಾವಕ ಮೇಲೇರುತ್ತಾ ಹೋಗುತ್ತದೆ. ಒಂದೇ ಹಸಿರು ಎಂದುಕೊಂಡಿದ್ದ ಚುಕ್ಕೆ ಬೇರೆ ಬೇರೆ ಪಟ್ಟೆಗಳಾಗಿ ಬಿಡಿಸಿಕೊಳ್ಳುತ್ತದೆ. ಕೆಳಗೆ ಎರಡು ಬಗೆಯ ಹಸಿರು, ಅವುಗಳ ಮೇಲೆ ಹಳದಿ, ಎಲ್ಲಕ್ಕಿಂತ ಮೇಲೆ ಕ್ಯಾರೊಟೀನಿನ ಕಿತ್ತಳೆ ಛಾಯೆ.